ಅಡುಗೆಮನೆ ಸಾಮಾನು: ಯಾವುದು ಕೈಗೆ ಬರುತ್ತೆ, ಯಾವುದು ಸಜ್ಜಾ ಸೇರುತ್ತೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಎರಡನೇ ಮಹಡಿ. ಅಡುಗೆಮನೆ ಎಂಟಡಿಗೆ ಒಂಬತ್ತಡಿ. ಇಬ್ಬರು ಒಳಗಿದ್ದರೆ ಮೂರನೆಯವರು ಬಾಗಿಲಲ್ಲೇ ನಿಂತು ಮಾತಾಡಬೇಕು. ಇಷ್ಟು ಜಾಗದಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ಕೊಂಡ ಸಾಮಾನು ಎಷ್ಟೋ, ಮುರಿದದ್ದು ಎಷ್ಟೋ, ಯಾರಿಗೋ ಕೊಟ್ಟು ಕೈ ತೊಳೆದುಕೊಂಡದ್ದು ಎಷ್ಟೋ. ಅದಕ್ಕೇ ಇರಬೇಕು, ನೆಂಟರು, ಅಕ್ಕಪಕ್ಕದವರು, ಹೊಸದಾಗಿ ಮನೆ ಮಾಡಿದ ಹುಡುಗರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಕೇಳುವುದು ಅದೇ ಪ್ರಶ್ನೆ, ನಾನು ಹೇಳುವುದು ಅದೇ ಉತ್ತರ. ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯುತ್ತೆ ಅಂತ ಕೂತೆ.

ಏನಾದರೂ ಕೊಳ್ಳುವ ಮೊದಲು ಮುಖ್ಯವಾಗಿ ಏನು ನೋಡಬೇಕು?

ಅದನ್ನು ತೊಳೆಯೋದು ಹೇಗೆ, ತೊಳೆಯೋರು ಯಾರು. ಇಷ್ಟೇ.

ನಮ್ಮ ಭಾವ ಒಂದು ಸಲ ಹನ್ನೆರಡು ಬ್ಲೇಡಿನ ತರಕಾರಿ ಕಟರ್ ತರಿಸಿದರು. ಕೆಳಗೆ ಪ್ಲಾಸ್ಟಿಕ್ ಡಬ್ಬ, ಮೇಲೆ ಚೌಕಚೌಕದ ಬ್ಲೇಡು, ಅದರ ಮೇಲೆ ಕ್ಯಾರೆಟ್ ಇಟ್ಟು ಮುಚ್ಚಳ ಒತ್ತಿದರೆ ಆಯಿತು, ಚಿಕ್ಕ ಚಿಕ್ಕ ತುಂಡು ಡಬ್ಬಕ್ಕೆ ಬೀಳುತ್ತೆ. ಭಾವನಿಗೆ ಖುಷಿಯೋ ಖುಷಿ. ಎರಡು ಕ್ಯಾರೆಟ್ ಒತ್ತಿ, ಎಲ್ಲರಿಗೂ ತೋರಿಸಿ, ಹಾಲ್‌ಗೆ ಹೋಗಿ ಕೂತರು. ಆಮೇಲೆ ಅಕ್ಕ ಸಿಂಕ್ ಮುಂದೆ ನಿಂತು, ಬ್ಲೇಡಿನ ಸಂದಿಯಲ್ಲಿ ಸಿಕ್ಕಿಕೊಂಡ ಕ್ಯಾರೆಟ್ ಚೂರನ್ನು ಹಳೇ ಟೂತ್ ಬ್ರಷ್ಷಿನಲ್ಲಿ ಒಂದೊಂದಾಗಿ ಕೀಳುತ್ತಿದ್ದಳು. ಮುಚ್ಚಳದ ಹಲ್ಲುಗಳಲ್ಲಿ ಇನ್ನೊಂದಷ್ಟು. ಹೆಚ್ಚಿದ್ದು ಅರ್ಧ ನಿಮಿಷ, ತೊಳೆದದ್ದು ಹತ್ತು ನಿಮಿಷ. ಮೂರನೇ ವಾರಕ್ಕೆ ಡಬ್ಬ ಸಜ್ಜಾ ಮೇಲೆ ಹೋಯಿತು.

ಅಲ್ಲಿಂದ ನನಗೊಂದು ಲೆಕ್ಕ ಬಂತು. ಸಾಮಾನು ಉಳಿಸುವ ಸಮಯದಿಂದ ತೊಳೆಯುವ ಸಮಯ ಕಳೆಯಿರಿ. ಉಳಿದದ್ದು ನಿಜವಾದ ಲಾಭ. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಬೆರಳು ಹೋಗದ ಮೂಲೆ ಎಷ್ಟಿದೆ ನೋಡಿ, ಬಿಚ್ಚಿದರೆ ಎಷ್ಟು ತುಂಡಾಗುತ್ತೆ ಎಣಿಸಿ. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ನಾನು ವಾಪಸ್ ಇಡುತ್ತೇನೆ.

ಎರಡನೆಯದು, ಅದರ ರಬ್ಬರೋ ವಾಷರೋ ಹೋದರೆ ನಮ್ಮ ಏರಿಯಾದಲ್ಲೇ ಸಿಗುತ್ತಾ? ಸಿಗದಿದ್ದರೆ, ಮೂವತ್ತು ರೂಪಾಯಿ ಸಾಮಾನು ಹೋದದ್ದಕ್ಕೆ ಮೂರು ಸಾವಿರದ್ದನ್ನು ಬಿಸಾಕಬೇಕಾಗುತ್ತೆ.

ಹಗ್ಗ ಎಳೆಯುವ ಚಾಪರ್ ಹೇಗೆ? ಎಲ್ಲರ ಮನೇಲೂ ಇದೆಯಲ್ಲ?

ನಮ್ಮನೇಲೂ ಇದೆ. ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ ಇವನ್ನು ಉಪ್ಪಿಟ್ಟಿಗೋ ಮಸಾಲೆ ವಡೆಗೋ ಸಣ್ಣಗೆ ಮಾಡಿಕೊಳ್ಳಲು ಚೆನ್ನಾಗಿದೆ. ಕರೆಂಟ್ ಬೇಡ, ತೊಳೆಯೋದೂ ಸುಲಭ. ಆದರೆ ನಾಲ್ಕು ಎಳೆತಕ್ಕೆ ನಿಲ್ಲಿಸಬೇಕು. ಇನ್ನೂ ಎರಡು ಎಳೆದರೆ ಈರುಳ್ಳಿ ನೀರು ಬಿಟ್ಟು ಚಟ್ನಿ ಆಗುತ್ತೆ, ಒಗ್ಗರಣೆಯಲ್ಲಿ ಹುರಿಯುವ ಬದಲು ಬೇಯುತ್ತೆ. ಹುರುಳಿಕಾಯಿ ಪಲ್ಯಕ್ಕೆ ಇದನ್ನು ನಂಬಬೇಡಿ. ಒಂದು ತುಂಡು ಉದ್ದ, ಒಂದು ಪುಡಿ. ಬೆಂದಾಗ ಒಂದು ಹಸಿ, ಒಂದು ಮೆತ್ತಗೆ.

ಹಾಗಾದರೆ ಚಾಕು ಸಾಕಾ? ಈಳಿಗೆ ಮಣೆ ಕೊಟ್ಟುಬಿಡಬಹುದಾ?

ಅಮ್ಮನ ಮುಂದೆ ಈ ಪ್ರಶ್ನೆ ಕೇಳಬೇಡಿ. ಈಳಿಗೆ ಮಣೆಯಲ್ಲಿ ಬ್ಲೇಡು ಅಲುಗಾಡುವುದಿಲ್ಲ, ತರಕಾರಿ ಹಿಡಿದ ಎರಡೂ ಕೈ ಮುಂದಕ್ಕೆ ತಳ್ಳುತ್ತವೆ. ಹಾಗಾಗಿ ಕುಂಬಳಕಾಯಿ, ಸುವರ್ಣಗೆಡ್ಡೆ, ಹಲಸಿನಕಾಯಿಯಂಥ ಗಟ್ಟಿ ಸಾಮಾನಿಗೆ ಅದರಷ್ಟು ನಿರಾಯಾಸ ಇನ್ನೊಂದಿಲ್ಲ. ನೆಲದ ಮೇಲೆ ಕೂರಲು ಮಂಡಿ ಒಪ್ಪಬೇಕು, ಅಷ್ಟೇ. ಮನೆಯಲ್ಲಿ ಓಡಾಡುವ ಪುಟ್ಟ ಮಕ್ಕಳಿದ್ದರೆ ಮಡಚುವಂಥದ್ದನ್ನು ತಗೊಳ್ಳಿ, ಕೆಲಸ ಆದ ತಕ್ಷಣ ಮಡಚಿಡಿ.

ಚಾಕು ಎರಡು ಸಾಕು. ಒಂದು ಅಂಗೈ ಅಗಲದ ದೊಡ್ಡದು, ಒಂದು ಹಣ್ಣು ಸುಲಿಯುವ ಚಿಕ್ಕದು. ಆರು ಚಾಕು ಮರದ ಕಟ್ಟಿಗೆ ಸಿಕ್ಕಿಸಿ ಮಾರುತ್ತಾರಲ್ಲ, ಅದರಲ್ಲಿ ನಾಲ್ಕನ್ನು ಯಾರೂ ಮುಟ್ಟಿರುವುದಿಲ್ಲ. ಆ ದುಡ್ಡನ್ನು ಹರಿತ ಮಾಡಿಸೋದಕ್ಕೆ ಇಟ್ಟುಕೊಳ್ಳಿ. ಮೊಂಡು ಚಾಕೇ ಕೈ ಕುಯ್ಯೋದು, ಯಾಕಂದರೆ ಜಾಸ್ತಿ ಒತ್ತುತ್ತೇವೆ, ಟೊಮ್ಯಾಟೊ ಸಿಪ್ಪೆ ಮೇಲೆ ಜಾರುತ್ತೆ. ಸಾಣೆ ಹಿಡಿಯುವವರು ಈಗಲೂ ಸೈಕಲ್‌ನಲ್ಲಿ ನಮ್ಮ ಬೀದಿಗೆ ಬರುತ್ತಾರೆ. ಅವರು ಬರುವ ತನಕ ಕಾಯಲು ಆಗದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆ ಇರುತ್ತದೆ, ಅದರ ಮೇಲೆ ಚಾಕುವನ್ನು ಓರೆಯಾಗಿ ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ ಎಳೆಯಿರಿ. ಆ ಹೊತ್ತಿನ ಸಾಂಬಾರಿಗೆ ಸಾಕಾಗುತ್ತೆ.

ಗ್ರಾನೈಟ್ ಕಟ್ಟೆ ಮೇಲೆ ನೇರವಾಗಿ ಹೆಚ್ಚಬೇಡಿ. ಗಾಜಿನ ಹಲಗೆ, ಸ್ಟೀಲ್ ಹಲಗೆ ಕೂಡ ಬೇಡ. ಚಾಕುವಿನ ಬಾಯಿ ವಾರದಲ್ಲಿ ಹೋಗುತ್ತೆ. ಮರದ್ದೋ ಪ್ಲಾಸ್ಟಿಕ್ಕಿನದೋ ಇರಲಿ, ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ.

ಅಮ್ಮನಿಗೆ ಬೆರಳ ಗಂಟು ನೋವು. ಅವರಿಗೆ ಅನುಕೂಲ ಆಗುವಂಥದ್ದು ಏನಿದೆ?

ಇದಕ್ಕೆ ಸ್ವಲ್ಪ ದೊಡ್ಡ ಉತ್ತರ. ನಮ್ಮಮ್ಮನಿಗೂ ಇದೇ ತೊಂದರೆ.

ತೆಳ್ಳನೆ ಸ್ಟೀಲ್ ಹಿಡಿಯ ಪೀಲರ್ ಇರುತ್ತದಲ್ಲ, ಅದರಲ್ಲಿ ಹೀರೆಕಾಯಿ ಹೆರೆಯುವಾಗ ಅಮ್ಮ ನಿಂತು ನಿಂತು ಕೈ ಕೊಡವುತ್ತಿದ್ದಳು. ಹಿಡಿ ಸಣ್ಣಗಿದ್ದಷ್ಟೂ ಬೆರಳನ್ನು ಬಿಗಿಯಾಗಿ ಮಡಚಬೇಕು. ನೋವು ಇರುವುದೇ ಅಲ್ಲಿ. ಒಂದು ದಿನ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಪೀಲರ್ ಹಿಡಿಗೆ ಹೆಬ್ಬೆರಳು ದಪ್ಪ ಆಗುವ ತನಕ ಸುತ್ತಿ ದಾರ ಕಟ್ಟಿಕೊಟ್ಟೆ. ನೋಡೋಕೆ ಗಲೀಜು. ಅಮ್ಮ ಏನೂ ಹೇಳದೆ ಮೂರು ಹೀರೆಕಾಯಿ ಹೆರೆದು, ಆಮೇಲೆ “ಸಿಪ್ಪೆ ಬಿಸಾಕಬೇಡ, ಚಟ್ನಿ ಮಾಡ್ತೀನಿ” ಅಂದಳು. ನಮ್ಮಮ್ಮ ಹೊಗಳುವುದೇ ಹಾಗೆ.

ಇದೇ ಕಥೆ ಅಮೆರಿಕದಲ್ಲಿ ದೊಡ್ಡದಾಗಿ ನಡೆದಿದೆ. ಸ್ಯಾಮ್ ಫಾರ್ಬರ್ ಅನ್ನುವವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ ಇತ್ತು, ಸೇಬು ಸುಲಿಯಲು ಕಷ್ಟಪಡುತ್ತಿದ್ದರು. ಅದನ್ನು ನೋಡಿ ಫಾರ್ಬರ್ ದಪ್ಪ, ಮೆತ್ತನೆ ರಬ್ಬರ್ ಹಿಡಿಯ ಸಾಮಾನು ಮಾಡಿಸಿದರು. 1990ರಲ್ಲಿ ‘ಆಕ್ಸೊ ಗುಡ್ ಗ್ರಿಪ್ಸ್’ ಅನ್ನುವ ಹೆಸರಲ್ಲಿ ಬಂತು. ಹೆಬ್ಬೆರಳು ಇಡುವ ಕಡೆ ಮೀನಿನ ಕಿವಿರಿನಂಥ ಗೀರುಗಳು, ಅಲ್ಲಿ ಒತ್ತಿದರೆ ಸ್ವಲ್ಪ ಬಗ್ಗುತ್ತೆ, ಕೈ ಒದ್ದೆ ಇದ್ದರೂ ಜಾರುವುದಿಲ್ಲ. ನೋವಿರುವವರಿಗೆ ಅಂತ ಮಾಡಿದ್ದು ಎಲ್ಲರಿಗೂ ಹಿಡಿಸಿತು. ಆ ಪೀಲರ್ ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನಲ್ಲಿದೆ. ಇಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತೆ, ನಮ್ಮ ಲೆಕ್ಕಕ್ಕೆ ದುಬಾರಿ. ದಪ್ಪ ಹಿಡಿಯದು ಯಾವುದಾದರೂ ಆದೀತು.

ಬೇರೆ ಏನು ಮಾಡಬಹುದು ಅಂದರೆ, ತಿರುಪು ಮುಚ್ಚಳದ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಕೈ ಜಾರದೆ ತೆರೆಯುತ್ತೆ. ಭಾರದ ಬಾಣಲೆಗೆ ಎರಡು ಕಿವಿ ಇರಲಿ, ಒಂದು ಉದ್ದ ಹಿಡಿ ಬೇಡ. ಇಕ್ಕಳವನ್ನು ಅಂಗಡಿಯಲ್ಲೇ ಒಂದು ತುಂಬಿದ ಪಾತ್ರೆ ಎತ್ತಿ ನೋಡಿ ತಗೊಳ್ಳಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ತೆಂಗಿನಕಾಯಿ ತುರಿಯೋಕೆ ಯಾವುದು ಒಳ್ಳೇದು?

ತುರಿಯೋ ಮಣೆಯಲ್ಲಿ ಬರುವ ತುರಿ ಹೂವಿನ ಹಾಗಿರುತ್ತೆ, ಅದರ ಮಾತೇ ಬೇರೆ. ನಿಂತು ಕೆಲಸ ಮಾಡುವವರಿಗೆ, ಕೆಳಗೆ ರಬ್ಬರ್ ಬಟ್ಟಲಿರುವ, ಕೈಹಿಡಿ ತಿರುಗಿಸುವ ಯಂತ್ರ ಸಾಕು. ಅದರ ಬಗ್ಗೆ ಬರುವ ದೂರು ಒಂದೇ, “ಕಟ್ಟೆಗೆ ಅಂಟಲ್ಲ.” ಕಟ್ಟೆಯ ಜಿಡ್ಡು ಒರೆಸಿ, ರಬ್ಬರಿಗೆ ಎರಡು ಹನಿ ನೀರು ಸವರಿ, ಆಮೇಲೆ ಕೆಳಗಿನ ಕೀಲಿ ಮಡಚಿ. ನಯವಾದ ಗ್ರಾನೈಟ್ ಮೇಲೆ ಬಂಡೆ ಹಾಗೆ ಕೂರುತ್ತೆ. ಒರಟು ಕಡಪ ಕಲ್ಲಿನ ಮೇಲೆ ಏನು ಮಾಡಿದರೂ ಕೂರುವುದಿಲ್ಲ, ಗಾಳಿ ಒಳಗೆ ಹೋಗುತ್ತೆ.

ಮಿಕ್ಸಿ ಎಷ್ಟು ವ್ಯಾಟಿನದು ತಗೋಬೇಕು?

ನಾಲ್ಕು ಜನದ ಮನೆಗೆ 750 ವ್ಯಾಟ್. ಇಬ್ಬರೇ ಇದ್ದು ಚಟ್ನಿ, ಮಸಾಲೆ ಅಷ್ಟೇ ಅಂದರೆ 500 ಸಾಕು. ನಮ್ಮದು ಒಣಕೊಬ್ಬರಿ, ಅರಿಶಿನ, ನೆನೆಸಿದ ಕಡಲೆಬೇಳೆ ಅರೆಯುವ ಮನೆ. ಹಣ್ಣಿನ ರಸಕ್ಕೆ ಅಂತ ಮಾಡಿದ ಹೊರದೇಶದ ಮಿಕ್ಸರ್ ಇದಕ್ಕೆ ತಡೆಯುವುದಿಲ್ಲ. ಸುಮೀತ್ ಮಿಕ್ಸಿ ಹುಟ್ಟಿದ್ದೇ ಹಾಗೆ. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಅನ್ನುವ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಮಿಕ್ಸರಿನ ಮೋಟಾರು ಸುಟ್ಟುಹೋಯಿತು. ಹೆಂಡತಿ ಮಾಧುರಿಯವರಿಗೆ ಅಂತ, ನಮ್ಮ ಮಸಾಲೆ ಅರೆಯುವಷ್ಟು ಗಟ್ಟಿ ಮೋಟಾರಿನದನ್ನು ತಾವೇ ಮಾಡಲು ಹೊರಟರು. ನಮ್ಮ ದೊಡ್ಡಮ್ಮ ಈಗಲೂ ಎಲ್ಲ ಮಿಕ್ಸಿಗೂ ಸುಮೀತ್ ಅಂತಲೇ ಹೇಳುತ್ತಾರೆ.

ವ್ಯಾಟ್ ಒಂದನ್ನೇ ನೋಡಬೇಡಿ. ಜಾರ್ ಎತ್ತಿ ತಳ ನೋಡಿ. ಬ್ಲೇಡನ್ನು ಬಿಚ್ಚಬಹುದಾ? ಕೆಳಗಿನ ಕಪ್ಲರ್, ಅಂದರೆ ಜಾರನ್ನು ಮೋಟಾರಿಗೆ ಜೋಡಿಸುವ ಹಲ್ಲಿನ ತುಂಡು, ಬೇರೆ ಸಿಗುತ್ತಾ? ಚಟ್ನಿ ಜಾರ್ ಚಿಕ್ಕದಿದೆಯಾ? ಮೂರು ಹಸಿಮೆಣಸಿನಕಾಯಿ, ಒಂದು ಹಿಡಿ ಕಾಯಿ ಹಾಕಿದರೆ ಬ್ಲೇಡಿಗೆ ಸಿಗದೆ ಗೋಡೆಗೆ ಅಂಟುವ ದೊಡ್ಡ ಜಾರ್ ಕಟ್ಟಿಕೊಂಡು ಏನು ಮಾಡುವುದು?

ಮಿಕ್ಸಿ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಸುಟ್ಟುಹೋಯಿತಾ?

ಬಹುಶಃ ಇಲ್ಲ. ಪ್ಲಗ್ ತೆಗೆದು ತಳ ನೋಡಿ. ಕೆಂಪು ಗುಂಡಿ ಹೊರಗೆ ಬಂದಿರುತ್ತೆ. ಭಾರ ಜಾಸ್ತಿ ಆದಾಗ ಮೋಟಾರನ್ನು ಕಾಯಲು ಅದು ತಾನಾಗಿ ಕರೆಂಟ್ ಕಡಿಯುತ್ತದೆ. ಐದು ಹತ್ತು ನಿಮಿಷ ತಣಿಯಲು ಬಿಟ್ಟು, ಜಾರಿನಿಂದ ಅರ್ಧ ತೆಗೆದು, ಗುಂಡಿ ಒತ್ತಿ. ನಾನು ಇದು ಗೊತ್ತಿಲ್ಲದೆ ಮಿಕ್ಸಿಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ರಿಪೇರಿಗೆ ಹೋಗಿದ್ದೆ. ಆ ಅಂಗಡಿಯವರು ಬೆರಳಲ್ಲಿ ಗುಂಡಿ ಒತ್ತಿ, ನನ್ನ ಮುಖ ನೋಡಿ, ದುಡ್ಡು ಬೇಡ ಅಂದರು.

ಮಿಕ್ಸಿ ಇದ್ದ ಮೇಲೆ ಗ್ರೈಂಡರ್ ಯಾಕೆ?

ವಾರಕ್ಕೆ ಒಂದು ಸಲವಾದರೂ ಇಡ್ಲಿ ಅಥವಾ ದೋಸೆ ಹಿಟ್ಟು ರುಬ್ಬುವ ಮನೆಗೆ ಬೇಕು. ಇಲ್ಲದಿದ್ದರೆ ಬೇಡ. ಮಿಕ್ಸಿ ಬ್ಲೇಡು ಜೋರಾಗಿ ಸುತ್ತುತ್ತೆ, ಹಿಟ್ಟು ಬಿಸಿಯಾಗುತ್ತೆ. ಕಲ್ಲು ನಿಧಾನ, ಉದ್ದಿನಬೇಳೆಗೆ ಗಾಳಿ ಸೇರಿ ಹಿಟ್ಟು ಉಬ್ಬುತ್ತೆ. ಒಂದು ಹನಿ ಹಿಟ್ಟನ್ನು ಲೋಟದ ನೀರಿಗೆ ಬಿಡಿ, ತೇಲಿದರೆ ಸರಿಯಾಗಿ ರುಬ್ಬಿದೆ ಅಂತ. ಮಿಕ್ಸಿಯಲ್ಲೇ ಮಾಡುವವರು ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ, ಪರವಾಗಿಲ್ಲ ಅನ್ನುವಂಥ ಇಡ್ಲಿ ಬರುತ್ತೆ.

ಕರೆಂಟ್ ಬಿಲ್ ಜಾಸ್ತಿ ಬರುತ್ತಾ ಅಂತ ಕೇಳುತ್ತಾರೆ. 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ಓಡಿದರೆ 0.075 ಯೂನಿಟ್. 750 ವ್ಯಾಟಿನ ಮಿಕ್ಸಿ ಹತ್ತೇ ನಿಮಿಷ ಓಡಿದರೆ 0.125 ಯೂನಿಟ್. ಲೆಕ್ಕ ನಿಮ್ಮ ಮುಂದಿದೆ.

ಕೊಯಮತ್ತೂರಿನ ಗ್ರೈಂಡರಿಗೆ ಜಿಐ ಗುರುತು, ಅಂದರೆ ಇದು ಆ ಊರಿನದೇ ಅನ್ನುವ ಸರ್ಕಾರಿ ಮುದ್ರೆ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಇರುವ ಹಾಗೆ. ಅದೆಲ್ಲ ಸರಿ, ಆದರೆ ಕೊಳ್ಳುವಾಗ ಪಾತ್ರೆ ತೂಕ ನೋಡಿ. ಕಲ್ಲು ಸೇರಿದ ಡ್ರಮ್ಮನ್ನು ಸಿಂಕ್ ತನಕ ಎತ್ತುವವರು ಯಾರು? ನಮ್ಮನೆಯಲ್ಲಿ ಅದು ನಾನು. ನನ್ನ ಸೊಂಟ ಹಿಡಿದ ವಾರ ಇಡ್ಲಿಗೂ ರಜೆ.

ಕುಕ್ಕರ್ ಎಷ್ಟು ಲೀಟರಿನದು? ಒಳಮುಚ್ಚಳವೋ ಹೊರಮುಚ್ಚಳವೋ?

ಮೂರು ಲೀಟರಿನದು ಒಂದು, ಐದು ಲೀಟರಿನದು ಒಂದು. ಬೇಳೆ, ಅನ್ನ, ತರಕಾರಿಯನ್ನು ಡಬ್ಬಿಗಳಲ್ಲಿ ಮೇಲೆ ಮೇಲೆ ಇಟ್ಟು ಒಂದೇ ಸಲ ಬೇಯಿಸುವವರಿಗೆ ಅಗಲ ಬಾಯಿಯ ಹೊರಮುಚ್ಚಳ ಅನುಕೂಲ. ಒಳಮುಚ್ಚಳದ್ದರಲ್ಲಿ ಹಬೆಯೇ ಮುಚ್ಚಳವನ್ನು ಒಳಗಿನಿಂದ ಬಾಯಿಗೆ ಒತ್ತಿ ಹಿಡಿದಿರುತ್ತದೆ. ಒತ್ತಡ ಇರುವಾಗ ಎಷ್ಟು ತಿಣುಕಿದರೂ ತೆರೆಯುವುದಿಲ್ಲ. ಅವಸರದ ಮನುಷ್ಯರಿರುವ ಮನೆಗೆ ಅದೇ ವಾಸಿ.

ಐಎಸ್‌ಐ ಗುರುತು ಇಲ್ಲದ ಕುಕ್ಕರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. 2021ರ ಫೆಬ್ರುವರಿಯಿಂದ ಮನೆಬಳಕೆಯ ಕುಕ್ಕರಿಗೆ ಅದು ಕಡ್ಡಾಯ.

ಬೆಂಗಳೂರಿನಲ್ಲಿ ಕುಕ್ಕರ್ ಯಾಕೆ ಅಷ್ಟು ಮುಖ್ಯ ಅಂತ ಒಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 97ಕ್ಕೇ ಕುದಿಯುತ್ತೆ. ಮಂಗಳೂರಿನ ಚಿಕ್ಕಮ್ಮ ಬಂದಾಗಲೆಲ್ಲ “ನಿಮ್ಮೂರಲ್ಲಿ ಬೇಳೆ ಬೇಯೋದೇ ಇಲ್ಲ” ಅಂತ ಗೊಣಗುವುದರಲ್ಲಿ ಸ್ವಲ್ಪ ನಿಜ ಇದೆ. ಕುಕ್ಕರ್ ಒಳಗೆ ಒತ್ತಡದಿಂದ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತೆ, ತೆರೆದ ಪಾತ್ರೆಗೆ ಎಷ್ಟು ಹೊತ್ತು ಹಿಡಿಯುತ್ತೋ ಅದರ ಮೂರನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತೆ. ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ಜೋರು ಉರಿಯಲ್ಲಿ ಆರು ಸಲ ಕೂಗಿಸಿದರೆ ಒಳಗೆ ಬಿಸಿ ಏರುವುದಿಲ್ಲ, ಗ್ಯಾಸು ಮತ್ತು ನೀರು ಹೋಗುತ್ತೆ ಅಷ್ಟೇ.

ಇನ್ನು ಅಳತೆ. ತರಕಾರಿ ಕುಕ್ಕರಿನ ಮೂರನೇ ಎರಡು ಭಾಗ. ಅಕ್ಕಿ, ಬೇಳೆ, ಕಾಳು ಅರ್ಧ ಮಾತ್ರ. ನಾನು ಒಂದು ಸಲ ಹೆಸರುಕಾಳು ಮುಕ್ಕಾಲು ತುಂಬಿಸಿದ್ದೆ. ಸಿಪ್ಪೆ ಹೋಗಿ ವಿಷಲ್ ತೂತಿಗೆ ಅಡ್ಡ ಕೂತು, ಸೇಫ್ಟಿ ವಾಲ್ವ್ ಹಾರಿ, ಹಸಿರು ನೀರು ಸೂರಿಗೆ ಚಿಮ್ಮಿತು. ಸುಣ್ಣ ಹೊಡೆಸಿದರೂ ಆ ಕಲೆ ಇನ್ನೂ ಮಬ್ಬಾಗಿ ಕಾಣುತ್ತೆ. ಅವತ್ತಿಂದ ಮುಚ್ಚಳ ಹಾಕುವ ಮೊದಲು ವಿಷಲ್ ತೂತನ್ನು ಬೆಳಕಿಗೆ ಹಿಡಿದು ನೋಡುತ್ತೇನೆ.

ಕುಕ್ಕರ್ ಒಳಗೆ ಕಪ್ಪಾಗಿದೆ. ಹಾಳಾಯಿತಾ?

ಇಲ್ಲ. ಅಲ್ಯೂಮಿನಿಯಂ ಮತ್ತು ಬೋರ್‌ವೆಲ್ ನೀರು ಸೇರಿದರೆ ಹಾಗಾಗುತ್ತೆ. ಕಾವೇರಿ ನೀರು ಬರುವ ಮನೆಯಲ್ಲಿ ಕಡಿಮೆ. ಡಬ್ಬಿ ಇಟ್ಟು ಬೇಯಿಸುವಾಗ ತಳದ ನೀರಿಗೆ ಹಿಂಡಿದ ನಿಂಬೆ ಸಿಪ್ಪೆ ಹಾಕಿ.

ನಾನ್‌ಸ್ಟಿಕ್ ಬೇಡವಾ? ಕಬ್ಬಿಣದ ಕಾವಲಿಯಲ್ಲಿ ದೋಸೆ ಏಳುವುದೇ ಇಲ್ಲ!

ನಾನ್‌ಸ್ಟಿಕ್ಕನ್ನು ಬೈಯುವುದಿಲ್ಲ. ನೀರು ದೋಸೆ, ಮೊಟ್ಟೆ ಇವಕ್ಕೆ ಸುಲಭ. ಆದರೆ ಬರೀ ಪಾತ್ರೆಯನ್ನು ಉರಿ ಮೇಲೆ ಮರೆತು ಹೋಗಬಾರದು. ಆ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತೆ, ಖಾಲಿ ಪಾತ್ರೆ ಜೋರು ಉರಿಯಲ್ಲಿ ಅಷ್ಟು ಬಿಸಿ ಬೇಗ ಆಗುತ್ತೆ. ಸ್ಟೀಲ್ ಮಗುಚುವ ಕೈ ಬೇಡ, ಮರದ್ದು ಇರಲಿ. ಪದರ ಏಳಲು ಶುರುವಾದರೆ ಬದಲಾಯಿಸಿ.

ಕಬ್ಬಿಣದ ಕಾವಲಿಯಲ್ಲಿ ದೋಸೆ ಅಂಟುತ್ತೆ ಅಂದರೆ ಅದು ಇನ್ನೂ ಪಳಗಿಲ್ಲ ಅಂತ ಅರ್ಥ. ಹೊಸ ಕಾವಲಿಯನ್ನು ತೊಳೆದು, ಎರಡು ದಿನ ಗಂಜಿಯಲ್ಲಿ ನೆನೆಹಾಕಿ, ತೊಳೆದು, ಪೂರ್ತಿ ಒಣಗಿಸಿ. ಬಿಸಿ ಮಾಡಿ, ಎಣ್ಣೆ ಸವರಿ, ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೇನೋ ಅನ್ನುವಷ್ಟು ಒರೆಸಿಬಿಡಿ. ಎಲ್ಲರೂ ತಪ್ಪುವುದು ಇಲ್ಲೇ, ಎಣ್ಣೆ ಜಾಸ್ತಿ ಬಿಟ್ಟರೆ ಅದು ಅಂಟಂಟಾಗಿ ಗಟ್ಟಿಯಾಗುತ್ತೆ. ತೆಳ್ಳಗಿದ್ದರೆ ಹೊಗೆ ಬರುವ ಬಿಸಿಗೆ ಎಣ್ಣೆ ಕಬ್ಬಿಣಕ್ಕೆ ಹಿಡಿದು, ಕಪ್ಪನೆ ನಯವಾದ ಪದರ ಆಗುತ್ತೆ. ಹೀಗೆ ನಾಲ್ಕೈದು ಸಲ ಮಾಡಿ, ಕೊನೆಗೆ ಎಣ್ಣೆಯಲ್ಲಿ ಒಂದು ಈರುಳ್ಳಿ ಹುರಿದು ಬಿಸಾಕಿ. ಮೊದಲ ಮೂರು ದೋಸೆ ಹೇಗೂ ಹಾಳಾಗುತ್ತೆ, ಅದನ್ನು ಯಾರು ತಿನ್ನಬೇಕು ಅಂತ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಆಮೇಲೆ ದೋಸೆಗೆ ಒಂದು, ಚಪಾತಿಗೆ ಒಂದು ಬೇರೆ ಬೇರೆ ಇಟ್ಟುಕೊಳ್ಳಿ. ಚಪಾತಿಯ ಒಣ ಶಾಖದಲ್ಲಿ ದೋಸೆ ಕಾವಲಿಯ ಪದರ ಸುಟ್ಟುಹೋಗುತ್ತೆ. ದೋಸೆ ಹುಯ್ಯುವ ಮೊದಲು ಅರ್ಧ ಈರುಳ್ಳಿಯಲ್ಲಿ ಉಜ್ಜಿ. ತೊಳೆದ ಮೇಲೆ ಒಲೆ ಮೇಲೆ ಒಂದು ನಿಮಿಷ ಇಟ್ಟು ಒಣಗಿಸಿ. ಸಿಂಕಿನಲ್ಲಿ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ತುಕ್ಕು. ಮನೆಗೆಲಸಕ್ಕೆ ಬರುವ ಅಕ್ಕ ತಂತಿ ಉಂಡೆಯಲ್ಲಿ ಬೆಳ್ಳಗೆ ಉಜ್ಜಿಟ್ಟರೆ ಕೋಪ ಮಾಡಿಕೊಳ್ಳಬೇಡಿ, ಅವರಿಗೆ ನೀವು ಹೇಳಿರಲಿಲ್ಲ ಅಲ್ವಾ? ಮತ್ತೆ ಪಳಗಿಸಿ.

ಇಂಡಕ್ಷನ್ ಒಲೆಗೆ ನಮ್ಮ ಪಾತ್ರೆ ಆಗುತ್ತಾ?

ಫ್ರಿಜ್ ಮೇಲಿನ ಮ್ಯಾಗ್ನೆಟ್ ತೆಗೆದು ಪಾತ್ರೆ ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಆಗುತ್ತೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಆಗುವುದಿಲ್ಲ. ತಳ ಚಪ್ಪಟೆ ಇರಬೇಕು. 2000 ವ್ಯಾಟಿನ ಒಲೆ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಹಾಗಾಗಿ ಮಿಕ್ಸಿಯ 6 ಆಂಪಿಯರ್ ಸಾಕೆಟ್ ಬೇಡ, ಗೀಸರಿಗೆ ಇರುವಂಥ 16 ಆಂಪಿಯರಿನದು ಬೇಕು. ಬೆಸ್ಕಾಂ ಕರೆಂಟ್ ಕೈಕೊಟ್ಟ ದಿನ ಗ್ಯಾಸೇ ಗತಿ, ಎರಡೂ ಇರಲಿ.

ಗ್ಯಾಸಿನ ಮಾತು ಬಂತು, ಸಿಲಿಂಡರಿನ ಕಿತ್ತಳೆ ಬಣ್ಣದ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಪೈಪಿನ ಮೇಲೇ ತಾರೀಖು ಇರುತ್ತೆ. ಈಗಲೇ ಎದ್ದು ನೋಡಿ ಬನ್ನಿ.

ಏರ್ ಫ್ರೈಯರ್?

ಫ್ಯಾನ್ ಇರುವ ಪುಟ್ಟ ಓವನ್ ಅದು. ಹಪ್ಪಳ, ಆಲೂಗಡ್ಡೆ, ನಿನ್ನೆಯ ವಡೆ ಬಿಸಿ ಮಾಡಲು ಚೆನ್ನಾಗಿದೆ. ಅದರಲ್ಲಿ ಮಾಡಿದ ಕೋಡುಬಳೆ ತಿಂದಿದ್ದೇನೆ. ಬಿಸ್ಕತ್ತು ಅಂತ ಕೊಟ್ಟಿದ್ದರೆ ಒಪ್ಪುತ್ತಿದ್ದೆ.

ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ, ಕಲ್ಚಟ್ಟಿ ಮತ್ತೆ ಬಳಸಬಹುದಾ?

ಹಿತ್ತಾಳೆಯನ್ನು ಕಲಾಯಿ ಇಲ್ಲದೆ ಒಲೆಗೆ ಏರಿಸಬೇಡಿ. ಹುಣಸೆಹಣ್ಣು, ಮಜ್ಜಿಗೆ ಬಿದ್ದರೆ ಕಿಲುಬು ಬಿಡುತ್ತೆ. ಕಲಾಯಿ ಅಂದರೆ ತವರದ ಲೇಪ. ಪಾತ್ರೆ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಬಟ್ಟೆಯಲ್ಲಿ ಸರ್ ಅಂತ ತಿರುಗಿಸಿದರೆ ಒಳಗೆಲ್ಲ ಬೆಳ್ಳಿ ಹಾಗೆ ಹೊಳೆಯುತ್ತೆ. ತವರ 232 ಡಿಗ್ರಿಗೇ ಕರಗುತ್ತೆ, ಆದ್ದರಿಂದ ಒಗ್ಗರಣೆಗೆ ಅಂತ ಖಾಲಿ ಪಾತ್ರೆ ಕಾಯಿಸಬೇಡಿ. ಮೊದಲು ನೀರೋ ಬೇಳೆಯೋ ಬೀಳಲಿ.

ಕಲ್ಚಟ್ಟಿ ಬಳಪದ ಕಲ್ಲಿನದು. ಗೊಜ್ಜು, ಹುಳಿ ಅದರಲ್ಲಿ ಮಾಡಿದರೆ ಉರಿ ಆರಿಸಿದ ಮೇಲೂ ಕುದಿಯುತ್ತಲೇ ಇರುತ್ತೆ, ಅದಕ್ಕೆ ಸ್ವಲ್ಪ ಮುಂಚೆಯೇ ಆರಿಸಬೇಕು. ಒಂದು ವಾರ ಗಂಜಿ ಹಾಕಿ ಪಳಗಿಸಿ, ಸಣ್ಣ ಉರಿಯಿಂದ ಶುರು ಮಾಡಿ. ಬಿಸಿ ಚಟ್ಟಿಗೆ ತಣ್ಣೀರು ಹಾಕಿದರೆ ಸೀಳುತ್ತೆ. ನಮ್ಮದು ಹಾಗೇ ಹೋಯಿತು. ಈಗ ಅದರಲ್ಲಿ ದೊಡ್ಡಪತ್ರೆ ಬೆಳೆದಿದೆ.

ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಲೇ ಇಲ್ಲ!

ಮೇಲಿನ ಬಟ್ಟಲನ್ನು ಕಿಟಕಿಗೆ ಹಿಡಿದು ನೋಡಿ. ತೂತೆಲ್ಲ ನಕ್ಷತ್ರದ ಹಾಗೆ ಕಾಣಬೇಕು. ಅರ್ಧ ಕಾಣದಿದ್ದರೆ ಕಟ್ಟಿಕೊಂಡಿದೆ. ಸ್ಟೀಲಿನದಾದರೆ ಬರೀ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ತಳವನ್ನು ಉರಿಗೆ ಒಂದು ನಿಮಿಷ ತೋರಿಸಿ. ಸಿಕ್ಕಿದ ಪುಡಿ ಕಿಡಿಕಿಡಿಯಾಗಿ ಸುಟ್ಟುಹೋಗುತ್ತೆ, ಆಮೇಲೆ ತೊಳೆಯಿರಿ. ತೂತು ಸರಿಯಿದ್ದೂ ಇಳಿಯದಿದ್ದರೆ ಪುಡಿ ತೀರಾ ಸಣ್ಣಗಾಗಿದೆ, ಇಲ್ಲವೇ ನೀವು ಪುಡಿ ಮೇಲಿನ ಬಿಲ್ಲೆಯನ್ನು ಜಾಸ್ತಿ ಒತ್ತಿದ್ದೀರಿ ಅಂತ. ಮೂರು ತುಂಡು, ಒಂದು ಮುಚ್ಚಳ, ಕರೆಂಟಿಲ್ಲ, ರಬ್ಬರಿಲ್ಲ, ಕೆಡುವಂಥದ್ದು ಏನೂ ಇಲ್ಲ. ಇಡೀ ಅಡುಗೆಮನೆಯಲ್ಲಿ ಇದಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ಸಾಮಾನು ನಾನು ನೋಡಿಲ್ಲ.

ಮುದ್ದೆ ಕೂಡಿಸುವಾಗ ಪಾತ್ರೆ ಓಡಾಡುತ್ತೆ. ಏನು ಮಾಡೋದು?

ಹಳ್ಳಿಯಲ್ಲಿ ಕವೆಗೋಲು ಇಟ್ಟುಕೊಂಡು ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿಯುತ್ತಿದ್ದರು. ಫ್ಲ್ಯಾಟಿನಲ್ಲಿ, ಎರಡು ಕಿವಿಯ ದಪ್ಪ ತಳದ ಪಾತ್ರೆಯನ್ನು ಇಳಿಸಿ, ಒದ್ದೆ ಬಟ್ಟೆ ಸುತ್ತಿದ ಸಿಂಬಿ ಮೇಲಿಡಿ. ಇನ್ನೊಬ್ಬರು ಇಕ್ಕಳದಲ್ಲಿ ಹಿಡಿದರೆ ಇನ್ನೂ ಒಳ್ಳೇದು. ಮುದ್ದೆ ಕೋಲು ಮಾತ್ರ ಮರದ್ದೇ ಇರಲಿ.

ಅವರೆಕಾಳು ಹಿತಕೋಕೆ ಏನಾದರೂ ಮಷಿನ್ ಇದೆಯಾ?

ಪ್ರತಿ ಡಿಸೆಂಬರ್‌ನಲ್ಲೂ ಈ ಪ್ರಶ್ನೆ ಬರುತ್ತೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಟಿವಿ ಮುಂದೆ ಮನೆಮಂದಿಯನ್ನೆಲ್ಲ ಕೂರಿಸಿ. ಹೆಬ್ಬೆರಳು, ತೋರುಬೆರಳು ಸಾಕು.

ಎಲ್ಲಿ ಕೊಳ್ಳೋದು?

ಸ್ಟೀಲ್, ಹಿತ್ತಾಳೆ ಪಾತ್ರೆಗೆ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆ ಹೋಗಿ. ಮೆಟ್ರೊ ಹಿಡಿಯಿರಿ, ಕಾರು ತಗೊಂಡು ಹೋಗುವ ಸಾಹಸ ಬೇಡ. ತೂಕದ ಲೆಕ್ಕದಲ್ಲಿ ಕೊಡುವ ಅಂಗಡಿಗಳಿವೆ. ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ಸೌಟು, ಜರಡಿ, ಚಕ್ಕುಲಿ ಒರಳಿನಂಥ ಸಣ್ಣಪುಟ್ಟದ್ದು ಸಿಗುತ್ತೆ. ಕಾರ್ತಿಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆಗೆ ಹೋದವರು ಬಸವನಗುಡಿಯ ಬೀದಿಬದಿಯಲ್ಲಿ ಏನಾದರೊಂದು ಕೊಳ್ಳದೆ ಬರುವುದಿಲ್ಲ. ಕುಕ್ಕರ್ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಕೊಳ್ಳಲು ಹೋಗುವಾಗ ಹಳೆಯದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ. “ಐದು ಲೀಟರಿನದು ಕೊಡಿ” ಅಂತ ಬಾಯಲ್ಲಿ ಹೇಳಿ ತಂದ ಮೂರು ಗ್ಯಾಸ್ಕೆಟ್ ನಮ್ಮನೆ ಮೊಳೆಗೆ ನೇತಾಡುತ್ತಿವೆ, ಒಂದೂ ಕೂರುವುದಿಲ್ಲ.

ಆ ಹನ್ನೆರಡು ಬ್ಲೇಡಿನ ಕಟರ್ ಏನಾಯಿತು?

ಓದಿದವರೆಲ್ಲ ಇದನ್ನೇ ಕೇಳುತ್ತಾರೆ. ಬ್ಲೇಡೆಲ್ಲ ಹಳೇ ಸಾಮಾನಿನವರ ಗಾಡಿಗೆ ಹೋಯಿತು. ಡಬ್ಬದಲ್ಲಿ ಅಕ್ಕ ಹುಣಸೆಹಣ್ಣು ತುಂಬಿಟ್ಟಿದ್ದಾಳೆ. ಮುಚ್ಚಳ ಭದ್ರವಾಗಿ ಕೂರುತ್ತೆ, ಇರುವೆ ಬರುವುದಿಲ್ಲ ಅಂತೆ. ಭಾವ ಅದನ್ನೇ ತೋರಿಸಿ, “ನಾನು ತಂದದ್ದು ನೋಡಿ, ಎಂಟು ವರ್ಷದಿಂದ ದಿನಾ ಬಳಸ್ತಿದ್ದೀವಿ” ಅನ್ನುತ್ತಾರೆ.